ಲೆದರ್‌ಗೆ ಕಾದ ಮಡಕೆ

ತೊಂಬತ್ತರ ದಶಕದ ಮಾತು. ಬದನಗುಪ್ಪೆ ಕಡೆಯ ಒಂದು ಶೆಡ್ಡಿನಲ್ಲಿ ಕುಂಬಾರರಿಗೆ ಒಂದು ವಾರದ ತರಬೇತಿ ಇಟ್ಟಿದ್ದರು. ಕೊನೆಯ ದಿನ ಯಾರ ಮಡಕೆ ಚೆನ್ನಾಗಿರುತ್ತದೋ ಅವರಿಗೆ ಕರೆಂಟಿನ ತಿಗರಿ, ಅಂದರೆ ಕುಂಬಾರರ ಚಕ್ರ, ಬಹುಮಾನ. ಕಲ್ಲಿನ ತಿಗರಿಯನ್ನು ಕೋಲು ಹಾಕಿ ತಿರುಗಿಸಿ ತಿರುಗಿಸಿ ನನ್ನ ಬಲದೋಳು ಮೇಲೇಳುತ್ತಿರಲಿಲ್ಲ. ಅದು ನನಗೆ ಬೇಕೇ ಬೇಕಿತ್ತು. ನನ್ನನ್ನು ಬಿಟ್ಟು ಇನ್ಯಾರಿಗೆ ಕೊಟ್ಟಾರು? ನಾನು ಮಡಕೆ ತಟ್ಟಿದರೆ ಗುಂಡ್ಲುಪೇಟೆಯವರೆಗೂ ಕೇಳಿಸುತ್ತಿತ್ತು.

ಮೇಷ್ಟ್ರು ಪಟ್ಟಣದವರು, ಅವರ ಮಾತು ಅರ್ಧ ಇಂಗ್ಲಿಷು. ಮೊದಲ ದಿನವೇ "ಸ್ಲಿಪ್ ಹಾಕಿ ಮಡಕೆಗೆ ಹಿಡಿಕೆ ಅಂಟಿಸಿ" ಎಂದರು. ಗುಂಡ್ಲುಪೇಟೆಯಿಂದ ಬಂದಿದ್ದ ನನ್ನ ಬಾಮೈದ ಕಣ್ಣು ಕಣ್ಣು ಬಿಟ್ಟ.

"ಚೀಟಿ ಕಣ್ಲಾ. ಎಸ್ರು ಬರ್ದು ಅಂಟ್ಸು" ಎಂದೆ.

ಅವನು ಚೀಟಿಯಲ್ಲಿ ತನ್ನ ಹೆಸರು ಬರೆದು ಹಿಡಿಕೆಗೆ ಅಂಟಿಸಿದ. ಸ್ಲಿಪ್ ಎಂದರೆ ನೀರಾಗಿ ಕಲಸಿದ ಮಣ್ಣು ಎಂದು ಮೇಷ್ಟ್ರು ತೋರಿಸಿದಾಗ ಶೆಡ್ಡೆಲ್ಲ ನಕ್ಕಿತು. "ತಮಾಸೆಗೆ ಏಳ್ದೆ ಕಣ್ಲಾ" ಎಂದೆ. ನಾನೂ ಚೀಟಿಯೆಂದೇ ತಿಳಿದಿದ್ದೆ, ಆ ಮಾತು ಬೇರೆ.

ಪರೀಕ್ಷೆಯ ದಿನ ಬಂತು. ನಮ್ಮ ಕಡೆ ಮಡಕೆಯನ್ನು ತಳವಿಲ್ಲದೆ ತಿಗರಿಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಳ ಮುಚ್ಚುತ್ತೇವೆ. "ಲೆದರ್ ಹಾರ್ಡ್ ಆಗೋವರೆಗೂ ಯಾರೂ ತಟ್ಟಬೇಡಿ" ಎಂದು ಹೇಳಿ ಮೇಷ್ಟ್ರು ಊಟಕ್ಕೆ ಹೋದರು.

"ಮಡ್ಕೆಗೆ ಲೆದರ್ ಯಾಕ್ಲಾ?"

"ಅಲ್ಗೆಗೆ ಸುತ್ತಕ್ಕೆ ಬಾವ. ಲಾರೀಲಿ ಬತ್ತದಂತ, ಕಾಯ್ತಿರು" ಎಂದ ಬಾಮೈದ.

ಗೇಟು ನೋಡುತ್ತ ಕೂತೆ. ಬೆರಳಿಟ್ಟರೆ ಮಣ್ಣು ಹದಕ್ಕೆ ಬಂದಿತ್ತು, ಕೈ ತುರಿಸುತ್ತಿತ್ತು. ಚರ್ಮವಿಲ್ಲದೆ ತಟ್ಟಿ ಫೇಲಾದರೆ? ಲಾರಿಗಳೇನೋ ಹೋದವು, ಎಲ್ಲದರಲ್ಲೂ ಈರುಳ್ಳಿ. ಅಷ್ಟರಲ್ಲಿ ಬಾಮೈದ ಅತ್ತ ತಿರುಗಿ ತನ್ನ ಮಡಕೆಯನ್ನು ಟಪಟಪ ತಟ್ಟುತ್ತಿದ್ದ.

"ನಿಂಗೆ ಬ್ಯಾಡ್ವೇನ್ಲಾ ಲೆದರ್ರು?"

"ನಾನ್ ಎಂಗೂ ಫೇಲು, ಬುಡು ಬಾವ."

ಮೇಷ್ಟ್ರು ಬರುವಷ್ಟರಲ್ಲಿ ನನ್ನ ಮಡಕೆ ಒಣಗಿತ್ತು. ಒಂದೇ ಏಟಿಗೆ ಬಾಯಿಂದ ಬುಡದವರೆಗೆ ಸೀಳಿತು.

"ಯಾಕ್ರೀ ಇಷ್ಟೊತ್ತು ಬಿಟ್ರಿ?"

"ಲೆದರ್ ಬರ್ನೇ ಇಲ್ವಲ್ಲ ಸಾ!"

"ಅಯ್ಯೋ, ಮಣ್ಣು ಚರ್ಮದ ಹಾಗೆ ಬಿಗಿಯಾಗೋದೇ ಲೆದರ್ ಹಾರ್ಡು!"

"ಮಣ್ಣಿನ ಅದ ಅನ್ನಕ್ಕೇನ್ ಸಾ ಬಂದಿತ್ತು ನಿಮ್ಗೆ?" ಹದ ಎಂದಿದ್ದರೆ ನನಗೆ ತಿಳಿಯುತ್ತಿರಲಿಲ್ಲವೇ?

ತಿಗರಿ ಬಾಮೈದನ ಪಾಲಾಯಿತು. ತೋಳು ನೋವು ತಡೆಯಲಾಗದೆ ಬಸ್ಸು ಹತ್ತಿ ಅವನ ಮನೆಗೇ ಹೋಗಿ ಮಡಕೆ ಮಾಡುತ್ತಿದ್ದೆ. ಹೋದಾಗಲೆಲ್ಲ ಕೇಳುತ್ತಿದ್ದೆ, "ಗೊತ್ತಿದ್ದೂ ಲಾರಿ ಕತೆ ಏಳಿದ್ಯೇನ್ಲಾ?"

"ತಮಾಸೆಗೆ ಏಳ್ದೆ ಬಾವ" ಎನ್ನುತ್ತ ಅವನು ಸ್ವಿಚ್ಚು ಹಾಕುತ್ತಿದ್ದ. ನನ್ನ ಚೀಟಿಯಂಥ ತಮಾಷೆಯೋ, ನಿಜವಾದ ತಮಾಷೆಯೋ, ಇವತ್ತಿಗೂ ನನಗೆ ತಿಳಿದಿಲ್ಲ.