ಅಮೃತೂರ್ ಗಾಡಿ ಹೋಯ್ತಾ?

ತುಮಕೂರಿನಲ್ಲಿ ಕುಣಿಗಲ್ ರಸ್ತೆಗೆ ಅಂಟಿಕೊಂಡಿದ್ದ ನಮ್ಮ ಪಕ್ಕದ ಮನೆಯ ಯಜಮಾನರು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಕೆಲಸ ಬಿಟ್ಟ ಮೇಲೂ ಅವರ ಕಿವಿ ರಸ್ತೆಯಲ್ಲೇ ಇತ್ತು. ಬಸ್ಸಿನ ಹಾರನ್ ಕೇಳಿದರೆ ಸಾಕು, ಕಾಫಿ ಲೋಟವನ್ನು ತುಟಿಯ ಬಳಿಯೇ ನಿಲ್ಲಿಸಿ, "ಅಮೃತೂರ್ ಗಾಡಿ. ಇವತ್ತೂ ಲೇಟು ಕಣಪ್ಪಾ" ಎನ್ನುತ್ತಿದ್ದರು. ಲೇಟಾದದ್ದು ತಮ್ಮದೇ ತಪ್ಪೇನೋ ಎಂಬಂತೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು.

ಎದೆನೋವು ಬಂದು ಆಸ್ಪತ್ರೆ ಸೇರಿ ಮನೆಗೆ ಮರಳಿದಾಗ, ಚೆನ್ನಾಗಿ ನಿದ್ದೆ ಮಾಡಬೇಕು ಎಂದಿದ್ದರು ಡಾಕ್ಟರು. ಮಗಳು ಅಪ್ಪನ ರೂಮಿಗೆ ಸದ್ದು ಬಾರದಂತೆ ಮಾಡಿಸಿದಳು. ಗೋಡೆಗೆ ತೆಂಗಿನ ನಾರಿನ ಹಾಸು, ಕಿಟಕಿಗೆ ದಪ್ಪ ಗಾಜು, ಅದರ ಸುತ್ತ ರಬ್ಬರ್ ಪಟ್ಟಿ. ನೋಡಲು ಹೋದವರಿಗೆಲ್ಲ ಅವರು, "ನನ್ ಮಗಳು ಮಾಡ್ಸವ್ಳೆ. ಲಾರಿ ಹೋದ್ರೂ ಗೊತ್ತಾಗಲ್ಲ" ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಆಮೇಲೆ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಮೃತೂರ್ ಗಾಡಿ ಹೋಯ್ತಾ?" ಎಂದು ಕೇಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ಒಂದು ದಿನ, ರೂಮು ಗುಡಿಸುತ್ತಿದ್ದ ಮಗಳು ನನ್ನನ್ನು ಕರೆದಳು. ದಿಂಬಿನ ಪಕ್ಕಕ್ಕೇ ಬರುವ ಕಿಟಕಿಯ ಮೂಲೆಯಲ್ಲಿ ಅವರು ರಬ್ಬರ್ ಪಟ್ಟಿಯನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಿದ್ದರು. ಬೆರಳು ತೂರುವಷ್ಟು ಸಂದು.

"ಒಂದ್ ಮಾತು ಹೇಳಿದ್ರೆ ನಾನೇ ತೆಗೆಸ್ತಿದ್ನಲ್ಲ ಅಂಕಲ್" ಎಂದಳು.

ಅಷ್ಟರಲ್ಲಿ ಆ ಸಂದಿನಿಂದ ಒಂದು ಹಾರನ್ ಒಳಗೆ ಬಂತು. ಇಬ್ಬರೂ ಕಿಟಕಿಯತ್ತ ಬಗ್ಗಿ ಕೇಳಿದೆವು.

"ಯಾವ್ ಗಾಡಿ ಅದು?" ಎಂದಳು.

ಇಷ್ಟು ವರ್ಷ ಅದೇ ರಸ್ತೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.