ಯಾರ ನೆನಪಿಗೆ ಇಟ್ಟಿದ್ದಾರೆ?

ಬೊಮ್ಮಸಂದ್ರದ ನಮ್ಮ ಕಾಲೇಜಿನಲ್ಲಿ ಸಂಶೋಧನೆಗೆ ಫೆಲೋಶಿಪ್ ಹುಡುಕಿಕೊಡುವ ಮೇಡಂ ಒಬ್ಬರಿದ್ದರು. ನಾವು ಜಾಹೀರಾತಿನಲ್ಲಿ ಅರ್ಹತೆ, ಕೊನೆಯ ದಿನಾಂಕ ಹುಡುಕುತ್ತಿದ್ದರೆ ಅವರು ಕನ್ನಡಕವನ್ನು ಹಣೆಗೇರಿಸಿ, "ಅದೆಲ್ಲ ಆಮೇಲೆ ಕಣ್ರೀ. ಯಾರ ನೆನಪಿಗೆ ಇಟ್ಟಿದ್ದಾರೆ, ಮೊದ್ಲು ಅದನ್ನ ನೋಡಿ" ಎನ್ನುತ್ತಿದ್ದರು.

ಕಾರ್ಖಾನೆಯ ಪ್ರೆಸ್ ಮೆಷಿನ್ನುಗಳ ಸದ್ದಿಗೆ ಕಿವಿ ಕೇಳಿಸದಂತಾದ ಕಾರ್ಮಿಕರ ಬದುಕು ನನ್ನ ವಿಷಯ. ಯಾರೂ ಹಣ ಕೊಡಲು ಒಪ್ಪಿರಲಿಲ್ಲ. ಮೇಡಂ ನನಗೆ ತೋರಿಸಿದ್ದು ತೀರಿಹೋದ ವೀಣಾ ವಿದುಷಿಯೊಬ್ಬರ ಹೆಸರಿನ ಫೆಲೋಶಿಪ್.

"ಇದು ಸಂಗೀತದವ್ರಿಗಲ್ವಾ ಮೇಡಂ?"

"'ಶಬ್ದದ ಬಗ್ಗೆ ಯಾವುದೇ ಅಧ್ಯಯನ' ಅಂತಿದೆ, ಸರಿಯಾಗಿ ಓದಿ. ಆಯಮ್ಮನಿಗೆ ಕೊನೇಲಿ ಕಿವಿ ಪೂರ್ತಿ ಹೋಗಿತ್ತಂತೆ, ಹಳೇ ಪೇಪರಲ್ಲಿ ಬಂದಿದೆ. ಇದನ್ನ ಇಟ್ಟಿರೋದು ಅವರ ಮಗಳು. ಸುಮ್ನೆ ಅರ್ಜಿ ಹಾಕ್ರೀ."

ಸಂದರ್ಶನದಲ್ಲಿ ತಜ್ಞರೆಲ್ಲ ಸದ್ದಿನ ಅಳತೆಯನ್ನೇ ಕೇಳಿದರು. ಮೂಲೆಯಲ್ಲಿ ಕೂತಿದ್ದ ಆ ಮಗಳು ಮಾತ್ರ ಕೊನೆಗೆ ಕೇಳಿದರು:

"ಮನೇಲಿ ಮಕ್ಕಳು ಆ ಕಾರ್ಮಿಕರನ್ನ ಹೇಗೆ ಕರೀತಾರೆ?"

"ಭುಜ ಮುಟ್ಟಿ ಕರೀತಾರೆ, ಮೇಡಂ."

ಆಕೆ, "ನಾವೂ ಅಮ್ಮನನ್ನ ಹಾಗೇ ಕರೀತಿದ್ವಿ" ಎಂದರು.

ಆ ಮಗಳನ್ನು ನಮ್ಮ ಕಾಲೇಜಿನ ಮೇಡಂ ಒಮ್ಮೆಯೂ ಕಂಡವರಲ್ಲ; ಯಾರ ನೆನಪಿಗೆ ಇಟ್ಟಿದ್ದಾರೆ ಎಂಬುದನ್ನಷ್ಟೇ ನೋಡಿದ್ದರು.