ರುಮಾಲು ಸುತ್ತಿಕೊಂಡು ಈಸಿದ್ದು

ನೀರಿನಲ್ಲಿ ಮುಳುಗಿ ಸಾಯುವ ಭಯಕ್ಕಿಂತ, ಬರಿತಲೆಯಲ್ಲಿ ಜನರ ಕಣ್ಣಿಗೆ ಬೀಳುವ ಭಯವೇ ನನಗೆ ದೊಡ್ಡದಾಗಿದ್ದ ಕಾಲವೊಂದಿತ್ತು. ನಗಬೇಡಿ. ಆಗ ನಮ್ಮ ಕಡೆ ಮರ್ಯಾದಸ್ಥರ ಮನೆಯ ಗಂಡಸು ರುಮಾಲಿಲ್ಲದೆ ಹೊಸ್ತಿಲು ದಾಟಿದರೆ, ಎದುರಿಗೆ ಸಿಕ್ಕವರು ಯಾರು ತೀರಿಕೊಂಡರೆಂದು ದನಿ ತಗ್ಗಿಸಿ ವಿಚಾರಿಸುತ್ತಿದ್ದರು. ಹಾಗಾಗಿ ಧಾರವಾಡದ ಕೆಲಗೇರಿ ಕೆರೆಯಲ್ಲಿ ಈಸು ಕಲಿಯಲು ಇಳಿದಾಗ ನಾನು ಅಂಗಿ ಬಿಚ್ಚಿಟ್ಟೆ, ಚಪ್ಪಲಿ ಬಿಟ್ಟೆ, ರುಮಾಲನ್ನು ಮಾತ್ರ ಬಿಡಲಿಲ್ಲ.

ಈಸಿಗೂ ನನ್ನ ನೌಕರಿಗೂ ಸಂಬಂಧವಿದೆ, ಹೇಳುತ್ತೇನೆ. ಬಿ.ಎ. ಮುಗಿಸಿ, ಮೇಷ್ಟರಾಗುವ ಆಸೆ ಇಟ್ಟುಕೊಂಡು ಧಾರವಾಡದಲ್ಲಿ ಗಂಗವ್ವತ್ತೆಯ ಮನೆಯಲ್ಲಿ ಉಳಿದಿದ್ದೆ. ಅವಳು ನನ್ನ ಅಪ್ಪನ ಅಕ್ಕ. ಅಪ್ಪನದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹತ್ತಿಯ ದಲಾಲಿ ಅಂಗಡಿ. “ದೀಪಾವಳಿ ಪಾಡ್ಯಾ ತನಕ ನೋಡ್ತೇನಿ. ಅಷ್ಟರಾಗ ನೌಕರಿ ಹತ್ತಲಿಲ್ಲಂದ್ರ ಸುಮ್ನ ಬಂದು ಗಾದಿ ಮ್ಯಾಲ ಕೂಡು” ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಅಂಗಡಿ ಕೆಟ್ಟದ್ದೇನಲ್ಲ, ನನ್ನನ್ನು ಓದಿಸಿದ್ದೂ ಅದೇ. ಆದರೆ ಆ ಬಿಳಿ ಗಾದಿಯ ಮೇಲೆ ಒಮ್ಮೆ ಕುಳಿತವರು ಎದ್ದದ್ದನ್ನು ನಾನು ಕಂಡಿರಲಿಲ್ಲ. ಅಜ್ಜ ಎದ್ದಿರಲಿಲ್ಲ, ಅಪ್ಪನೂ ಎದ್ದಿರಲಿಲ್ಲ.

ಆ ವರ್ಷಗಳಲ್ಲಿ ಜಗತ್ತಿನ ವ್ಯಾಪಾರವೇ ಮಲಗಿಬಿಟ್ಟಿತ್ತು. ಶಾಲೆಗಳು ಇದ್ದ ಮೇಷ್ಟರನ್ನೇ ಬಿಡಿಸುತ್ತಿದ್ದವು, ಹೊಸಬರನ್ನು ಕೇಳುವವರಾರು? ನಾನು ಅರ್ಜಿ ಬರೆಯುತ್ತಿದ್ದೆ, ಅಂಚೆಯವನ ದಾರಿ ಕಾಯುತ್ತಿದ್ದೆ, ಉಳಿದ ಹೊತ್ತು ಪಡಸಾಲೆಯ ಕಂಬಕ್ಕೆ ಒರಗಿ ನಿಟ್ಟುಸಿರು ಬಿಡುತ್ತಿದ್ದೆ. ಒಂದು ದಿನ ಅತ್ತೆಗೆ ಸಾಕಾಯಿತು.

“ಹಗಲೆಲ್ಲಾ ಉಸುರು ಬಿಡಾಕತ್ತಿ. ಬಿಡೂದ ಆದ್ರ ನೀರಾಗ ಬಿಡು, ಉಪಯೋಗರ ಅಕ್ಕೈತಿ.”

ಅತ್ತೆ ಹುಟ್ಟಿ ಬೆಳೆದದ್ದು ತನ್ನ ತಾಯಿಯ ತವರು ಉಪ್ಪಿನಬೆಟಗೇರಿಯಲ್ಲಿ. ಚಿಕ್ಕಂದಿನಲ್ಲಿ ಹೊಲದ ಬಾವಿಗೆ ಮೇಲಿನಿಂದ ಜಿಗಿಯುತ್ತಿದ್ದವಳು. ಧಾರವಾಡಕ್ಕೆ ಸೊಸೆಯಾಗಿ ಬಂದ ಮೇಲೆ ಜಿಗಿಯುವುದು ನಿಂತಿತ್ತು, ಜಿಗಿಸುವ ಉಮೇದು ನಿಂತಿರಲಿಲ್ಲ. ಮರುದಿನ ಬೆಳಗ್ಗೆ ಮುಳುಗದಿರಲೆಂದು ಒಣ ಸೋರೆಬುರುಡೆಯೊಂದನ್ನು ನನ್ನ ಬೆನ್ನಿಗೆ ಕಟ್ಟಿ, ತಾನು ದಂಡೆಯ ಕಲ್ಲಿನ ಮೇಲೆ ಸೆರಗು ಹೊದ್ದು ಕುಳಿತಳು.

ಭವಸಾಗರ ದಾಟುವ ಮಾತನ್ನು ಮಠದ ಪ್ರವಚನಗಳಲ್ಲಿ ನಾನು ಬೇಕಾದಷ್ಟು ಕೇಳಿದ್ದೇನೆ. ಹೇಳುವವರಲ್ಲಿ ಎಷ್ಟು ಜನ ನಿಜವಾದ ನೀರಿಗೆ ಇಳಿದಿದ್ದರೋ ಎಂದು ಈಗಲೂ ಅನುಮಾನ. ಇಳಿದಿದ್ದರೆ ಮೋಹ, ಮಾಯೆಗಳಿಗಿಂತ ಮೊದಲು ಮೂಗಿನ ವಿಷಯ ಹೇಳುತ್ತಿದ್ದರು.

ನನ್ನ ತೊಂದರೆ ಮೂಗಿಗಿಂತಲೂ ಮೇಲಿನದು. ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ವಕೀಲರು, ನಿವೃತ್ತ ಸಾಹೇಬರು ತಿರುಗಾಡಲು ಬರುತ್ತಿದ್ದರು. ಯಾರ ಒಂದು ಮಾತಿನಿಂದ ಯಾವ ಶಾಲೆಯ ಬಾಗಿಲು ತೆರೆಯುವುದೋ ಯಾರಿಗೆ ಗೊತ್ತು? ರುಮಾಲು ಒದ್ದೆಯಾಗದಂತೆ ಕತ್ತು ಸೆಟೆಸಿಕೊಂಡು ನಾನು ಒದ್ದಾಡುವುದು, ಏರಿಯ ಮೇಲೆ ದೊಡ್ಡವರು ಕಂಡೊಡನೆ ನೀರೊಳಗಿಂದಲೇ ಎರಡೂ ಕೈ ಎತ್ತಿ ಮುಗಿಯುವುದು! ಕೈ ಮುಗಿದ ಮೇಲೆ ಈಸುವವರು ಯಾರು? ಬುರುಡೆಯೂ ನಾಚಿ ಪಕ್ಕಕ್ಕೆ ಸರಿಯುತ್ತಿತ್ತು, ನಾನು ನಮಸ್ಕಾರದ ಸಮೇತ ಗುಟುಕು ನೀರು ಕುಡಿಯುತ್ತಿದ್ದೆ.

“ತಲಿ ಮ್ಯಾಲ ಹಿಡದೀ ಅಂತನ ಕಾಲು ತಳಕ್ಕ ಹೊಂಟಾವ” ಎಂದು ಅತ್ತೆ ಕೂಗುತ್ತಿದ್ದಳು. “ತಲಿ ನೀರಿಗೆ ಕೊಡೋ ತಮ್ಮಾ!”

ತಲೆ ಕೊಡುವುದು ಅಷ್ಟು ಸುಲಭವೇ? ಅದರೊಳಗೆ ಬಿ.ಎ. ಇತ್ತು, ಮೇಲೆ ರುಮಾಲಿತ್ತು.

ಮಳೆ ನಿಂತ ಮೇಲಿನ ಒಂದು ಬೆಳಗು. ಕೆರೆ ತುಂಬಿತ್ತು, ಮಂಜು ಇನ್ನೂ ನೀರಿನಿಂದ ಎದ್ದಿರಲಿಲ್ಲ, ಆಚೆ ದಡ ಇದೆಯೋ ಇಲ್ಲವೋ ಎಂಬಂತಿತ್ತು. ನನ್ನ ಗುಲಾಬಿ ರುಮಾಲಿನ ಸೆರಗು ಅದು ಹೇಗೋ ಜಾರಿ ನೀರು ಮುಟ್ಟಿತು. ಒಂದು ಸುತ್ತು ಬಿಚ್ಚಿತು, ಇನ್ನೊಂದು ಬಿಚ್ಚಿತು. ನೋಡನೋಡುತ್ತ ಅಷ್ಟುದ್ದದ ಬಟ್ಟೆ ಮಂಜಿನೊಳಗೆ ಮೆಲ್ಲಗೆ ಹಾಸುತ್ತ ಹೋಯಿತು. ಹಿಡಿಯಲೆಂದು ಮುಂದಕ್ಕೆ ಬಾಗಿದೆ. ಮುಖ ನೀರೊಳಗೆ ಹೋಯಿತು, ಕಾಲುಗಳು ತಾವಾಗಿ ಮೇಲೆದ್ದವು.

ಒಳಗೆ ಎಳೆಹಸಿರು ಬೆಳಕಿತ್ತು. ನನ್ನದೇ ಉಸಿರು ಗುಳುಗುಳು ಎಂದು ಕಿವಿಯ ಪಕ್ಕ ಏರಿ ಹೋಗುತ್ತಿತ್ತು. ಅರ್ಜಿ, ಅಂಚೆಯವನು, ಪಾಡ್ಯ, ಯಾವುದೂ ನೆನಪಿರಲಿಲ್ಲ. ರುಮಾಲು ಪಕ್ಕಕ್ಕೆ ಬಂದಾಗಲೂ ಅದನ್ನು ಹಿಡಿಯಬೇಕೆನಿಸಲಿಲ್ಲ. ದಾಟಿ ಮುಂದೆ ಹೋದೆ, ದಣಿದಾಗ ಅಂಗಾತ ಮಲಗಿದೆ, ಮಂಜು ಹರಿದಲ್ಲಿ ಸ್ವಲ್ಪ ಆಕಾಶ ಕಂಡಿತು. ಅಷ್ಟು ಸುಖವನ್ನು ನಾನು ಅದುವರೆಗೆ ಪಟ್ಟಿರಲಿಲ್ಲ.

ಏರಿಯ ಮೇಲಿದ್ದ ನಿವೃತ್ತ ಸಾಹೇಬರೊಬ್ಬರು ತೇಲುವ ಬಟ್ಟೆ ಕಂಡು, “ಯಾರೋ ಮುಳುಗ್ಯಾರ್ರಿ! ಲಗೂ ಬರ್ರಿ!” ಎಂದು ಕೂಗಿಕೊಂಡರಂತೆ.

“ಇಲ್ಲರಿ ಸಾಹೇಬ್ರ, ಮುಳುಗಾಕತ್ತಿದ್ದು ರುಮಾಲು” ಎಂದಳಂತೆ ಅತ್ತೆ. “ನಮ್ಮ ಹುಡುಗ ಛಲೋ ಅದಾನ.”

ಕೆಲವು ದಿನಗಳಲ್ಲಿ ಬುರುಡೆಯೂ ಬೇಡವಾಯಿತು. ಬೆಳಗ್ಗೆ ಕೆರೆ, ಆಮೇಲೆ ಒದ್ದೆ ಕೂದಲಲ್ಲೇ ಕುಳಿತು ಅರ್ಜಿ. ‘ಜಾಗ ಖಾಲಿ ಇಲ್ಲ’ ಎಂಬ ಉತ್ತರಗಳು ಮೊದಲಿನಂತೆಯೇ ಬರುತ್ತಿದ್ದವು. ಓದಿ ಮಡಚಿಟ್ಟು, ಅತ್ತೆ ಬಡಿದ ಬಿಸಿ ರೊಟ್ಟಿಗೆ ಕೈ ಹಾಕುತ್ತಿದ್ದೆ. ನೀರು ನನಗೆ ಧೈರ್ಯ ಕಲಿಸಿತೆಂದು ದೊಡ್ಡ ಮಾತಾಡಲಾರೆ, ಹಸಿವೆಯನ್ನಂತೂ ಕೊಟ್ಟಿತು. ಹೊಟ್ಟೆ ತುಂಬ ಉಂಡವನಿಗೆ ನಾಳೆ ಇನ್ನೊಂದು ಅರ್ಜಿ ಬರೆಯುವುದು ಕಷ್ಟವಲ್ಲ. ಗದಗಿನ ಕಡೆಯ ಒಂದು ಶಾಲೆಯವರು ಕರೆದು ಮಾತನಾಡಿಸಿದರು, ತಿಳಿಸುತ್ತೇವೆಂದರು, ತಿಳಿಸಲಿಲ್ಲ. ಪಾಡ್ಯ ಬಂದೇಬಿಟ್ಟಿತು.

ಹುಬ್ಬಳ್ಳಿಗೆ ಹೋದೆ. ಅಂಗಡಿಗೆ ಸುಣ್ಣ ಬಳಿದಿದ್ದರು, ಚೆಂಡು ಹೂವಿನ ಮಾಲೆ ಕಟ್ಟಿದ್ದರು. ಗಾದಿಗೆ ಹೊಸ ಬಟ್ಟೆ ಹಾಸಿ, ಅಪ್ಪ ಒಂದು ಬದಿಗೆ ಸರಿದು ಕುಳಿತಿದ್ದರು. ನಡುವಿನ ಜಾಗ ನನಗೆಂದು ಖಾಲಿ ಇತ್ತು. ಪೂಜೆಗೆ ಸೇರಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಉಸಿರು ಬಿಟ್ಟೆ.

“ಅಪ್ಪಾ, ನೌಕರಿ ಇನ್ನೂ ಸಿಕ್ಕಿಲ್ಲರಿ. ಆದ್ರೂ ನಾ ಕೂಡೂದಿಲ್ಲ. ಇನ್ನಷ್ಟು ದಿನ ಹುಡುಕ್ತೇನ್ರಿ.”

ನಮ್ಮ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಅಪ್ಪ ಗಾದಿಯ ಹೊಸ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತೀಡಿದರು.

“ಕೆರ್ಯಾಗ ಈಸ್ತಿ ಅಂತ ಅಕ್ಕ ಹೇಳಿ ಕಳಿಸಿದ್ಲು. ಖರೇನ?”

“ಖರೇರಿ.”

“ಎಷ್ಟು ಆಳ ಐತಿ?”

“ಗೊತ್ತಿಲ್ಲರಿ. ಕಾಲು ನೆಲಕ್ಕ ಹತ್ತೂದಿಲ್ಲ.”

ಅಪ್ಪ ನನ್ನ ಕಾಲುಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಸರಿದು ಆ ಖಾಲಿ ಜಾಗದಲ್ಲಿ ತಾವೇ ಕುಳಿತರು. “ಒಳಗ ನಿಮ್ಮವ್ವ ಹೋಳಿಗಿ ಮಾಡ್ಯಾಳ. ಉಂಡು ಸಂಜಿ ಗಾಡಿಗೆ ಹೋಗು” ಎಂದರು.

ಮುಂದಿನ ಮಳೆಗಾಲಕ್ಕೆ ಒಂದು ಸಣ್ಣ ಊರಿನ ಶಾಲೆಯಲ್ಲಿ ಮೇಷ್ಟರಾದೆ. ಸುದ್ದಿ ಹೇಳಲು ಅಂಗಡಿಗೆ ಓಡಿದೆ. ಪಗಾರ ಎಷ್ಟು, ಊಟಕ್ಕೆ ಏನು ವ್ಯವಸ್ಥೆ ಎಂದು ಅಪ್ಪ ವಿಚಾರಿಸುತ್ತಾರೆಂದುಕೊಂಡಿದ್ದೆ. ಅವರು ಹಣೆಯ ಮೇಲಿನ ರುಮಾಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಯಾರಿಗೂ ಕೇಳದಂತೆ ಕೇಳಿದರು:

“ಆ ಊರಾಗ ಕೆರಿ ಐತೇನು?”